ಒಂದೇ ದೋಣಿಯಲ್ಲಿ ಹಲವು ಶೈಲಿ: ಗುಂಪಾಗಿ ಸ್ಕೂಬಾ ಡೈವಿಂಗ್‌ಗೆ ಹೋಗುವವರ ರೀತಿನೀತಿ

ಬೆಳಗಾವಿಯಿಂದ ಸಮುದ್ರವೆಂದರೆ ನಾಲ್ಕು ತಾಸಿನ ದಾರಿ. ಅಂಬೋಲಿ ಘಟ್ಟ ಇಳಿದು ಸಾವಂತವಾಡಿ, ಕುಡಾಳಗಳನ್ನು ದಾಟಿದರೆ ಮಹಾರಾಷ್ಟ್ರದ ಮಾಲವಣ ಸಿಗುತ್ತದೆ. ಚೋರ್ಲಾ ಘಟ್ಟ ಇಳಿದರೆ ಗೋವೆ. ದೂರವಾದರೂ ಅಡ್ಡಿಯಿಲ್ಲ, ನೀರು ತಿಳಿಯಾಗಿರಬೇಕು ಎನ್ನುವವರು ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ಸುಮಾರು 19 ಕಿಲೋಮೀಟರ್ ಸಮುದ್ರದೊಳಗಿರುವ ನೇತ್ರಾಣಿ ದ್ವೀಪದ ಸುತ್ತ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುತ್ತಾರೆ. ಮಳೆಗಾಲ ಮುಗಿದು ಅಕ್ಟೋಬರ್ ಬಂದಿತೆಂದರೆ ನಮ್ಮ ಗುಂಪು ಮುಂದಿನ ಮೇ ತಿಂಗಳೊಳಗೆ ಎರಡು ಮೂರು ಸಲವಾದರೂ ಗಾಡಿ ಮಾಡಿಕೊಂಡು ಹೊರಡುತ್ತದೆ. ಅದರಲ್ಲಿ ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ ನಡೆಸುವ ಹಿರಿಯರೊಬ್ಬರಿದ್ದಾರೆ, ಬಾಗಲಕೋಟೆಯ ಕಾಲೇಜಿನ ಅಧ್ಯಾಪಕಿಯೊಬ್ಬರಿದ್ದಾರೆ, ವಿಜಯಪುರದಲ್ಲಿ ಮದುವೆಯ ಫೋಟೋ ತೆಗೆದು ಹೊಟ್ಟೆ ಹೊರೆಯುವ ಹುಡುಗನಿದ್ದಾನೆ, ಕೊಲ್ಲಿ ದೇಶದಲ್ಲಿ ಕೆಲಸ ಮಾಡುತ್ತ ಅಲ್ಲಿಯೇ ಡೈವಿಂಗ್ ಕಲಿತು ಬಂದ ಎಂಜಿನಿಯರ್ ಇದ್ದಾರೆ, ಮತ್ತು ನಾನಿದ್ದೇನೆ.

ಐವರೂ ಡೈವರ್‌ಗಳೇ, ಆದರೆ ಒಬ್ಬರ ಡೈವಿಂಗ್ ಇನ್ನೊಬ್ಬರದರಂತಿಲ್ಲ. ಒಬ್ಬರಿಗೆ ಆಳ ಬೇಕು, ಒಬ್ಬರಿಗೆ ಒಂದೇ ಬಂಡೆಯ ಮುಂದೆ ಅರ್ಧ ತಾಸು ಬೇಕು, ಒಬ್ಬರಿಗೆ ದ್ವೀಪವನ್ನೇ ಸುತ್ತು ಹಾಕಬೇಕು. ಕಲಿತ ಶಾಲೆಗಳೂ ಬೇರೆ. ಫ್ರಾನ್ಸಿನಲ್ಲಿ ಕುಸ್ತೋ ಮತ್ತು ಗಾನ್ಯಾನ್ ಎಂಬಿಬ್ಬರು 1943ರಲ್ಲಿ ಬೇಡಿಕೆಗೆ ತಕ್ಕಷ್ಟೇ ಗಾಳಿ ಕೊಡುವ ರೆಗ್ಯುಲೇಟರನ್ನು ರೂಪಿಸಿದ ಮೇಲೆ ಬ್ರಿಟನ್ನಿನಲ್ಲಿ 1953ರಲ್ಲಿ ಒಂದು ಕ್ಲಬ್ ಪದ್ಧತಿ ಬೆಳೆಯಿತು, ಅಮೆರಿಕದಲ್ಲಿ 1966ರಲ್ಲಿ ಹುಟ್ಟಿದ ಪ್ಯಾಡಿ ಸಂಸ್ಥೆ ನಾಲ್ಕಾರು ದಿನಗಳ ಕೋರ್ಸುಗಳ ಪದ್ಧತಿಯನ್ನು ಜಗತ್ತಿಗೆಲ್ಲ ಹಬ್ಬಿಸಿತು, ಫ್ಲಾರಿಡಾದ ನೀರಗವಿಗಳಲ್ಲಿ ಮುಳುಗುವವರು ತಮ್ಮ ಅಪಾಯಕ್ಕೆ ತಕ್ಕಂತೆ ಬಹಳ ಬಿಗಿಯಾದ ಮತ್ತೊಂದು ಪದ್ಧತಿಯನ್ನು ಕಟ್ಟಿಕೊಂಡರು. ಈ ಮೂರರ ಮಕ್ಕಳು, ಮೊಮ್ಮಕ್ಕಳು ಇಂದು ಮಾಲವಣದ ಒಂದೇ ದೋಣಿಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಿರುತ್ತಾರೆ. ಆದ್ದರಿಂದ ಪಕ್ಕದವರು ನಮ್ಮಂತೆ ಮಾಡದಿದ್ದರೆ ಅವರು ತಪ್ಪಾಗಿ ಕಲಿತಿದ್ದಾರೆಂದು ಅರ್ಥವಲ್ಲ, ಬೇರೆ ಮನೆಯಲ್ಲಿ ಕಲಿತಿದ್ದಾರೆಂದು ಅರ್ಥ.

ಬೇರೆ ಆಟಗಳಲ್ಲಿ ಆಡುತ್ತಲೇ ಜಗಳವಾಡಿ, ಆಡುತ್ತಲೇ ರಾಜಿಯಾಗಬಹುದು. ಇಲ್ಲಿ ಬಾಯಲ್ಲಿ ರೆಗ್ಯುಲೇಟರ್ ಇರುತ್ತದೆ. ನೀರಿನಡಿಯಲ್ಲಿ ವಾದಕ್ಕೆ ಎಡೆಯಿಲ್ಲದ ಕಾರಣ ಒಪ್ಪಂದಗಳೆಲ್ಲ ನೆಲದ ಮೇಲೆಯೇ ಮುಗಿದಿರಬೇಕು. ಯಾವುದನ್ನು ಸಹಿಸಿಕೊಳ್ಳಬೇಕು, ಯಾವುದನ್ನು ಸಹಿಸಬಾರದು ಎಂಬ ಗೊಂದಲ ಬಂದಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದು ನಮ್ಮಿಬ್ಬರ ಗಾಳಿಗೆ ಅಥವಾ ನಾವು ಮೇಲೆ ಬರುವ ದಾರಿಗೆ ಸಂಬಂಧಿಸಿದ್ದೇ? ಅಲ್ಲವಾದರೆ ಅದು ಅವರವರ ಶೈಲಿ, ನನಗೆ ಅದರ ಉಸಾಬರಿ ಬೇಡ. ಹೌದಾದರೆ, ಎಷ್ಟು ಮುಜುಗರವಾದರೂ ನೀರಿಗಿಳಿಯುವ ಮುನ್ನ ಬಾಯಿಬಿಟ್ಟು ಹೇಳಲೇಬೇಕು.

ಜೋಡಿ ಕಟ್ಟುವುದು

ಡೈವಿಂಗ್‌ನಲ್ಲಿ ಜೊತೆಗಾರರನ್ನು ಇಂಗ್ಲಿಷಿನಲ್ಲಿ ಬಡ್ಡಿ ಎನ್ನುತ್ತಾರೆ. ನಮ್ಮ ಕಡೆ ಬಡ್ಡಿಯೆಂದರೆ ಸಾಲದ ಮೇಲೆ ಬೆಳೆಯುವಂಥದ್ದಾದ್ದರಿಂದ ಫೌಂಡ್ರಿಯ ಹಿರಿಯರು ಆ ಮಾತನ್ನು ಮೊದಲ ದಿನವೇ ತಳ್ಳಿಹಾಕಿ ‘ಜೋಡಿ’ ಎಂದು ಕರೆದರು, ಅದೇ ಉಳಿಯಿತು. ಎತ್ತಿನ ಜೋಡಿ ಕಟ್ಟುವ ರೈತ ನೋಡುವುದನ್ನೇ ಇಲ್ಲಿಯೂ ನೋಡಬೇಕು. ಎತ್ತು ಏರಿಗೆಳೆದು ಕೋಣ ನೀರಿಗೆಳೆಯುವ ಜೋಡಿಯನ್ನು ನೀರಿನಡಿಯಲ್ಲಿ ಬಿಡಿಸಿ ಮತ್ತೆ ಕಟ್ಟಲು ಬರುವುದಿಲ್ಲ.

ಆದ್ದರಿಂದ ಹಿಂದಿನ ರಾತ್ರಿ ಊಟದ ಹೊತ್ತಿಗೆ, ತಡವೆಂದರೆ ದೋಣಿ ಹತ್ತುವ ಮುನ್ನ, ಜೊತೆಗಾರರನ್ನು ಕೆಲವು ಮಾತು ಕೇಳಿ ತಿಳಿದುಕೊಳ್ಳಿ. ನೀರಿಗಿಳಿದು ಎಷ್ಟು ತಿಂಗಳಾಯಿತು, ಪ್ರಮಾಣಪತ್ರ ಎಷ್ಟು ಆಳದವರೆಗಿನದು, ಇವತ್ತು ಅವರಿಗೆ ಏನು ನೋಡಬೇಕಾಗಿದೆ, ಕಿವಿ ಬೇಗ ಹೊಂದಿಕೊಳ್ಳುತ್ತದೆಯೇ ಅಥವಾ ನಿಧಾನವಾಗಿ ಇಳಿಯಬೇಕೇ, ಗಾಳಿ ಬೇಗ ಮುಗಿಯುತ್ತದೆಯೇ. ಕೊನೆಯ ಪ್ರಶ್ನೆಯನ್ನು ಕೇಳುವ ಮುನ್ನ ನಿಮ್ಮ ಗಾಳಿಯ ಸಂಗತಿಯನ್ನು ನೀವೇ ಮೊದಲು ಹೇಳಿದರೆ ಎದುರಿನವರು ಸಂಕೋಚವಿಲ್ಲದೆ ಹೇಳುತ್ತಾರೆ. ಮೊದಲ ಹಂತದ ಓಪನ್ ವಾಟರ್ ಪ್ರಮಾಣಪತ್ರದ ಮಿತಿ 18 ಮೀಟರ್, ಮುಂದಿನ ಹಂತದ್ದು 30 ಮೀಟರ್. ಜೋಡಿಯಲ್ಲಿ ಒಬ್ಬರದು 18, ಇನ್ನೊಬ್ಬರದು 30 ಆಗಿದ್ದರೆ ಆ ಜೋಡಿಯ ಮಿತಿ 18, ಇದರಲ್ಲಿ ಚೌಕಾಸಿಯಿಲ್ಲ. ಆಳ ಬೇಕೆನ್ನುವವರು ಅಂಥ ಜೊತೆಯನ್ನೇ ಹುಡುಕಿಕೊಳ್ಳಬೇಕೇ ಹೊರತು, ಕೆಳಗೆ ಹೋದ ಮೇಲೆ ಕೈಮಾಡಿ ಕರೆಯಬಾರದು. ಹಾಗೆ ಕರೆದಾಗ ಒಲ್ಲೆನೆನ್ನಲು ಹೊಸಬರಿಗೆ ಧೈರ್ಯವಿರುವುದಿಲ್ಲ, ಕರೆದವರಿಗೆ ಅದು ಒತ್ತಾಯವೆಂದು ಅನ್ನಿಸುವುದೂ ಇಲ್ಲ.

ಗಾಳಿಯ ಲೆಕ್ಕ

ಡೈವರ್‌ಗಳ ನಡುವೆ ಹೆಚ್ಚಿನ ಮನಸ್ತಾಪ ಹುಟ್ಟುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ಲೆಕ್ಕ ಮಾಡೋಣ. ನಮಗೆ ಬಾಡಿಗೆಗೆ ಸಿಗುವ ಅಲ್ಯುಮಿನಿಯಂ ಸಿಲಿಂಡರ್ ಸುಮಾರು 11 ಲೀಟರಿನದು. ಅದರಲ್ಲಿ 200 ಬಾರ್ ಒತ್ತಡಕ್ಕೆ ತುಂಬಿದರೆ ಸುಮಾರು 2,200 ಲೀಟರ್ ಗಾಳಿ ಇರುತ್ತದೆ. ಕೊನೆಯ 50 ಬಾರನ್ನು ಮುಟ್ಟದೆ ಮೇಲೆ ಬರಬೇಕಾದ್ದರಿಂದ ಬಳಕೆಗೆ ಸಿಗುವುದು 1,650 ಲೀಟರ್. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. 10 ಮೀಟರಿನಲ್ಲಿ ಪ್ರತಿಯೊಂದು ಉಸಿರಿಗೆ ಎರಡು ಪಟ್ಟು, 20 ಮೀಟರಿನಲ್ಲಿ ಮೂರು ಪಟ್ಟು ಗಾಳಿ ಖರ್ಚಾಗುತ್ತದೆ. ನೀರಿನ ಮೇಲೆ ನಿಮಿಷಕ್ಕೆ 15 ಲೀಟರ್ ಉಸಿರಾಡುವವರಿಗೆ 20 ಮೀಟರಿನಲ್ಲಿ ಈ ಗಾಳಿ 36 ನಿಮಿಷದಷ್ಟು ಬಂದರೆ, 22 ಲೀಟರ್ ಉಸಿರಾಡುವವರಿಗೆ 25 ನಿಮಿಷಕ್ಕೇ ಮುಗಿಯುತ್ತದೆ. ಅದೇ ಜೋಡಿ 10 ಮೀಟರಿನಲ್ಲಿಯೇ ಉಳಿದರೆ ಹೆಚ್ಚು ಉಸಿರಾಡುವವರಿಗೂ 37 ನಿಮಿಷ ಸಿಗುತ್ತದೆ.

ಫೌಂಡ್ರಿಯ ಹಿರಿಯರದು ಭಾರವಾದ ಮೈ, ಅಗಲವಾದ ಎದೆ. ಕಳೆದ ಹಂಗಾಮಿನಲ್ಲಿ ನಾನು ಅವರ ಜೋಡಿಯಾಗಿದ್ದೆ. ಬಂಡೆಯ ಸಂದಿಯಲ್ಲಿ ಹಾವುಮೀನೊಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದುದನ್ನು ನೋಡುತ್ತ ನಾನು ಮೈಮರೆತಿದ್ದಾಗ ಅವರು ಪಕ್ಕಕ್ಕೆ ಬಂದು, ಸಿಲಿಂಡರಿನ ಒತ್ತಡ ತೋರಿಸುವ ತಮ್ಮ ಗೇಜನ್ನು ನನ್ನ ಮಾಸ್ಕಿನ ಮುಂದೆ ಹಿಡಿದರು: 70. ನನ್ನದು 120 ತೋರಿಸುತ್ತಿತ್ತು. ನನ್ನ ಮನಸ್ಸಿಗೆ ಬಂದ ಮೊದಲ ಭಾವನೆ ಸಿಟ್ಟು ಎಂದು ಒಪ್ಪಿಕೊಳ್ಳುತ್ತೇನೆ. ಅಷ್ಟು ದೂರ ಬಂದು, ಅಷ್ಟು ದುಡ್ಡು ಕೊಟ್ಟು, ಸಿಲಿಂಡರಿನ ಅರ್ಧಕ್ಕಿಂತ ಹೆಚ್ಚು ಗಾಳಿಯನ್ನು ಹಾಗೆಯೇ ಹೊತ್ತುಕೊಂಡು ಮೇಲೆ ಹೋಗಬೇಕೇ ಎಂದು. ಆ ಸಿಟ್ಟು ಮುಖದ ಮೇಲೆ ಕಂಡಿತೋ ಏನೋ, ಮಾರನೆಯ ದಿನ ಅವರು 100ಕ್ಕೆ ಬಂದಾಗ ನನಗೆ ಸನ್ನೆ ಮಾಡಲಿಲ್ಲ, 60ಕ್ಕೆ ಬಂದ ಮೇಲೆ ನಾನೇ ನೋಡಿದೆ. ಗಾಳಿ ಬೇಗ ಮುಗಿಸುವವರನ್ನು ಹಂಗಿಸುವುದರಿಂದ ಆಗುವ ಪರಿಣಾಮ ಇದು. ಅವರ ಗಾಳಿ ಉಳಿಯುವುದಿಲ್ಲ, ಹೇಳುವುದನ್ನು ಬಿಡುತ್ತಾರೆ. ಅಂದಿನಿಂದ ನಾನು ಆ ವಿಷಯದಲ್ಲಿ ತಮಾಷೆಯನ್ನೂ ಮಾಡುವುದಿಲ್ಲ.

ಮಾಡಬಹುದಾದ ಏರ್ಪಾಡುಗಳಿವೆ. ಸಿಲಿಂಡರ್ ಅರ್ಧಕ್ಕೆ, ಎಂದರೆ 100 ಬಾರಿಗೆ ಬಂದೊಡನೆ ಇಬ್ಬರಲ್ಲಿ ಯಾರದು ಮೊದಲೋ ಅವರು ಹೇಳಬೇಕು, ಹೇಳಿದೊಡನೆ ಇಬ್ಬರೂ ತಿರುಗಬೇಕು ಎಂದು ಮೊದಲೇ ಮಾತಾಗಿರಲಿ. ಹೆಚ್ಚು ಗಾಳಿ ಬೇಕಾದವರು ಜೊತೆಗಾರರಿಗಿಂತ ಎರಡು ಮೂರು ಮೀಟರ್ ಮೇಲೆ, ಕಣ್ಣಳತೆಯೊಳಗೆ ಈಜಿದರೆ ಇಬ್ಬರಿಗೂ ಸಮಯ ಸಿಗುತ್ತದೆ. ದೊಡ್ಡ ಸಿಲಿಂಡರ್ ಇದೆಯೇ ಎಂದು ಕೇಳಿ ನೋಡಿ. ಮುಳುಗಲೆಂದು ಸೊಂಟಕ್ಕೆ ಬೇಕಾದುದಕ್ಕಿಂತ ಹೆಚ್ಚು ಸೀಸ ಕಟ್ಟಿಕೊಂಡವರು, ಕೈಯಿಂದಲೂ ಈಜುವವರು, ಅಂಜಿಕೊಂಡವರು ಹೆಚ್ಚು ಉಸಿರಾಡುತ್ತಾರೆ, ಇವು ಕಲಿಕೆಯಿಂದ ಸರಿಹೋಗುತ್ತವೆ. ಎದೆಯ ಅಳತೆ ಸರಿಹೋಗುವುದಿಲ್ಲ. ಸೀಸದ ಮಾತು ಬಂದಿದ್ದರಿಂದ ಇದೊಂದನ್ನು ಹೇಳಿಬಿಡುತ್ತೇನೆ: ಬೆಳಗಾವಿಯ ಈಜುಕೊಳದ ಸಿಹಿನೀರಿನಲ್ಲಿ ನೋಡಿಕೊಂಡ ತೂಕಕ್ಕೆ ಸಮುದ್ರದಲ್ಲಿ ಎರಡು ಮೂರು ಕಿಲೋ ಸೇರಿಸಬೇಕಾಗುತ್ತದೆ, ಹೊಸಬರು ಮುಳುಗಲಾರದೆ ಒದ್ದಾಡಿದರೆ ನಗುವ ಮುನ್ನ ಇದನ್ನು ನೆನಪಿಡಿ.

ಸಾಮಾನಿನ ಜಗಳ

ಎಂಜಿನಿಯರ್ ಅವರದು ನೀರಗವಿಯವರ ಪದ್ಧತಿ. ಅವರ ಬೆನ್ನಿಗೆ ಲೋಹದ ಹಲಗೆ, ಬಾಯಲ್ಲಿರುವ ರೆಗ್ಯುಲೇಟರಿಗೆ ಏಳು ಅಡಿ ಉದ್ದದ ಕೊಳವೆ, ಕೊರಳಿಗೆ ರಬ್ಬರ್ ದಾರದಲ್ಲಿ ಕಟ್ಟಿದ ಇನ್ನೊಂದು ರೆಗ್ಯುಲೇಟರ್. ಉಳಿದವರದು ಬಾಡಿಗೆಯ ಗಾಳಿಜಾಕೆಟ್ ಮತ್ತು ಬಲಗಡೆ ಎದೆಯ ಹತ್ತಿರ ಸಿಕ್ಕಿಸಿದ ಹಳದಿ ಬಣ್ಣದ ಆಕ್ಟೋಪಸ್, ಎಂದರೆ ಹೆಚ್ಚುವರಿ ರೆಗ್ಯುಲೇಟರ್. ಯಾವುದು ಮೇಲು ಎಂಬ ಚರ್ಚೆ ಘಟ್ಟ ಇಳಿಯುವಾಗ ಶುರುವಾಗಿ ಮಾಲವಣದವರೆಗೂ ನಡೆದದ್ದುಂಟು. ಅದರಿಂದ ಯಾರ ಮನಸ್ಸೂ ಬದಲಾಗಲಿಲ್ಲ, ಬದಲಾಗಬೇಕಾಗಿಯೂ ಇರಲಿಲ್ಲ.

ಜಾಕೆಟ್ಟಿನ ಬಣ್ಣ, ಕಾಲಿಗೆ ತೊಡುವ ಫಿನ್ಸ್‌ನ ಆಕಾರ, ಆಳ ಮತ್ತು ಸಮಯದ ಲೆಕ್ಕವಿಡುವ ಕಂಪ್ಯೂಟರ್ ಮುಂಗೈಗೋ ಕೊಳವೆಗೋ, ಇವೆಲ್ಲ ಶೈಲಿ. ಆದರೆ ಗಾಳಿ ಮುಗಿದಾಗ ಗಾಳಿ ಕೊಡುವ ಕ್ರಮ ಇಬ್ಬರಿಗೂ ಸಂಬಂಧಿಸಿದ್ದು, ಅದು ಈ ಎರಡು ಪದ್ಧತಿಗಳಲ್ಲಿ ತಲೆಕೆಳಗಾಗಿದೆ. ಗಾಳಿಜಾಕೆಟ್ಟಿನವರ ಪದ್ಧತಿಯಲ್ಲಿ ಗಾಳಿ ಬೇಕಾದವರು ಜೊತೆಗಾರರ ಎದೆಯ ಮೇಲಿನ ಹಳದಿ ಆಕ್ಟೋಪಸ್ಸಿಗೆ ಕೈಹಾಕುತ್ತಾರೆ. ನೀರಗವಿಯವರ ಪದ್ಧತಿಯಲ್ಲಿ ಕೊಡುವವರು ತಮ್ಮ ಬಾಯಲ್ಲಿರುವುದನ್ನೇ ತೆಗೆದು ಕೊಟ್ಟು, ಕೊರಳಲ್ಲಿರುವುದನ್ನು ತಾವು ಕಚ್ಚಿಕೊಳ್ಳುತ್ತಾರೆ. ಗಾಬರಿಯಾದವರು ಹಳದಿ ಬಣ್ಣವನ್ನು ಹುಡುಕುತ್ತಿರುವಾಗ ಅಲ್ಲಿ ಏನೂ ಇಲ್ಲದಿದ್ದರೆ ಆ ಕ್ಷಣದಲ್ಲಿ ಯಾವ ಪದ್ಧತಿ ಶ್ರೇಷ್ಠವೆಂಬ ಚರ್ಚೆ ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ನಾವು ಮಾಡುವುದಿಷ್ಟು: ಸಾಮಾನು ತೊಟ್ಟ ಮೇಲೆ, ದೋಣಿಯ ಹಲಗೆಯ ಮೇಲೆ ಕುಳಿತೇ, ಜೋಡಿಗಳು ಒಂದು ಸಲ ಗಾಳಿ ಕೇಳುವ ಸನ್ನೆ ಮಾಡಿ, ಕೊಟ್ಟು, ತೆಗೆದುಕೊಂಡು ನೋಡುತ್ತವೆ. ಒಂದು ನಿಮಿಷವೂ ಹಿಡಿಯುವುದಿಲ್ಲ. ಎಂಜಿನಿಯರ್ ತಮ್ಮ ಪದ್ಧತಿಯನ್ನು ಬಿಡಬೇಕಾಗಿಲ್ಲ, ಅಧ್ಯಾಪಕಿ ಅದನ್ನು ಮೆಚ್ಚಬೇಕಾಗಿಲ್ಲ, ಯಾವುದು ಎಲ್ಲಿದೆ ಎಂಬುದು ಅವರ ಕೈಗೆ ಗೊತ್ತಿದ್ದರೆ ಸಾಕು.

ಜೊತೆಗಾರರ ಸಾಮಾನನ್ನು ಪರೀಕ್ಷಿಸುವುದು ಕರ್ತವ್ಯ, ಆದರೆ ಕೇಳದೆ ಕೈಹಾಕುವುದು ಒಳ್ಳೆಯದಲ್ಲ. “ನಿಮ್ಮ ವಾಲ್ವ್ ಒಮ್ಮೆ ನೋಡಲೇನ್ರೀ?” ಎಂದು ಕೇಳಿ, ನೋಡಿ, ನೋಡಿದ್ದನ್ನು ಹೇಳಿ. ಹೇಳದೆ ತಿರುವಿದ ವಾಲ್ವ್ ತೆರೆಯಿತೋ ಮುಚ್ಚಿತೋ ಎಂಬುದು ಇಬ್ಬರಿಗೂ ತಿಳಿಯದೆ ಹೋಗುವ ಸಂಭವವಿದೆ.

ಕ್ಯಾಮೆರಾ ಇರುವವರು, ಇಲ್ಲದವರು

ವಿಜಯಪುರದ ಹುಡುಗ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ, ಚಿಪ್ಪಿಲ್ಲದ ಬಣ್ಣದ ಬಸವನಹುಳುವೊಂದರ ಮುಂದೆ ಹನ್ನೆರಡು ನಿಮಿಷ ನಿಂತದ್ದನ್ನು ನಾನು ನನ್ನ ಕಂಪ್ಯೂಟರಿನಲ್ಲಿ ನೋಡಿದ್ದೇನೆ. ಸುತ್ತಾಡಬೇಕೆನ್ನುವವರಿಗೆ ಅದು ಶಿಕ್ಷೆ; ಅವನಿಗೆ ಅದೇ ಡೈವ್. ಇಬ್ಬರು ಫೋಟೋದವರನ್ನು ಜೋಡಿ ಮಾಡುವುದು ಸುಲಭದ ಪರಿಹಾರವೆಂದು ತೋರುತ್ತದೆ, ನಾನು ಒಪ್ಪುವುದಿಲ್ಲ, ಏಕೆಂದರೆ ಇಬ್ಬರೂ ಕ್ಯಾಮೆರಾದೊಳಗೇ ಇದ್ದರೆ ಒಬ್ಬರನ್ನೊಬ್ಬರು ನೋಡುವವರು ಯಾರೂ ಇರುವುದಿಲ್ಲ. ಅದರ ಬದಲು ಒಂದು ಡೈವ್ ಅವನದು, ಒಂದು ಡೈವ್ ಜೊತೆಗಾರರದು ಎಂದು ಹಂಚಿಕೊಳ್ಳಿ. ಅವನ ಡೈವಿನಲ್ಲಿ ಜೊತೆಗಾರರು ಕಾಯುತ್ತಾರೆ, ಅವರ ಡೈವಿನಲ್ಲಿ ಅವನು ಕ್ಯಾಮೆರಾ ದೋಣಿಯಲ್ಲಿಯೇ ಬಿಟ್ಟು ಬರುತ್ತಾನೆ ಅಥವಾ ಕ್ಲಿಪ್ಪಿಗೆ ಸಿಕ್ಕಿಸಿಕೊಂಡು ಮುಟ್ಟದೆ ಇರುತ್ತಾನೆ. ಒಂದು ಪ್ರಾಣಿಯ ಮುಂದೆ ಬೇರೆಯವರು ಕಾದಿದ್ದರೆ ನಾಲ್ಕೈದು ಫೋಟೋ ತೆಗೆದು ಹಿಂದಕ್ಕೆ ಸರಿಯಬೇಕು. ಫೋಟೋ ಬೇಡದವರಿಗೂ ಅದನ್ನು ಬರಿಗಣ್ಣಿನಿಂದ ನೋಡುವ ಹಕ್ಕಿದೆ.

ಕ್ಯಾಮೆರಾ ಇಲ್ಲದವರ ಕಡೆಯಿಂದ ಸಲ್ಲಬೇಕಾದದ್ದು ಕೆಸರೆಬ್ಬಿಸದ ಕಾಲು. ಕೊಂಕಣದ ಕರಾವಳಿಯ ನೀರು ಅಂಡಮಾನಿನದಲ್ಲ, ಕೈಚಾಚಿದಷ್ಟು ದೂರ ಮಾತ್ರ ಕಾಣುವ ದಿನಗಳೂ ಇರುತ್ತವೆ. ತಳದ ಹತ್ತಿರ ಕಾಲನ್ನು ಮೇಲೆ ಕೆಳಗೆ ಬಡಿದರೆ ಏಳುವ ರಾಡಿ ಹಿಂದಿನವರ ಡೈವನ್ನೇ ನುಂಗುತ್ತದೆ. ಕಪ್ಪೆಯಂತೆ ಮೊಣಕಾಲು ಮಡಿಸಿ ಹಿಂದಕ್ಕೆ ಒದೆಯುವುದನ್ನು ಈಜುಕೊಳದಲ್ಲಿ ಅಭ್ಯಾಸ ಮಾಡಿಕೊಳ್ಳಬಹುದು, ಅದು ಬರುವವರೆಗೆ ತಳದಿಂದ ಎರಡು ಮೀಟರ್ ಮೇಲಿರುವುದು ಸಜ್ಜನಿಕೆ.

ಹವಳವನ್ನು ಹಿಡಿದು ನಿಲ್ಲುವುದು, ಫೋಟೋಕ್ಕಾಗಿ ಪ್ರಾಣಿಯನ್ನು ಕಡ್ಡಿಯಿಂದ ಸರಿಸುವುದು, ಬಿಸ್ಕೀಟು ಪುಡಿಮಾಡಿ ಮೀನು ಸೇರಿಸುವುದು ಶೈಲಿಯ ಲೆಕ್ಕಕ್ಕೆ ಬರುವುದಿಲ್ಲ. ಹವಳ, ಕಡಲ್ಗುದುರೆ, ಸಮುದ್ರದ ಆಮೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಅಲ್ಲಿ ಸಹನೆ ತೋರಿಸಬೇಕಾದ ಅಗತ್ಯ ನನಗೆ ಕಾಣುವುದಿಲ್ಲ.

ಕೈಸನ್ನೆ

ಹೆಬ್ಬೆರಳು ಎತ್ತಿ ತೋರಿಸಿದರೆ ಊರಿನಲ್ಲಿ ‘ಭಾರಿ ಆತು’ ಎಂದರ್ಥ, ನೀರಿನಡಿಯಲ್ಲಿ ‘ಮೇಲೆ ಹೋಗೋಣ’ ಎಂದರ್ಥ. ನಮ್ಮ ಅಧ್ಯಾಪಕಿ ಆಮೆಯನ್ನು ಕಂಡ ಸಂತೋಷಕ್ಕೆ ಹೆಬ್ಬೆರಳು ಎತ್ತಿದರು, ಜೊತೆಗಾರ ತಕ್ಷಣ ಮೇಲೇರತೊಡಗಿದ, ಅವನೇಕೆ ಹೊರಟನೆಂದು ತಿಳಿಯದೆ ಇವರೂ ಹಿಂದೆ ಹೊರಟರು. ಆಮೆ ತನ್ನ ಪಾಡಿಗೆ ತಾನು ಹೋಯಿತು. ಎಲ್ಲ ಸರಿಯಿದೆ ಎನ್ನಲು ಹೆಬ್ಬೆರಳು ಮತ್ತು ತೋರುಬೆರಳಿನ ಉಂಗುರ, ತೊಂದರೆಯಿದೆ ಎನ್ನಲು ಅತ್ತಿತ್ತ ಹೊರಳಿಸುವ ಅಂಗೈ, ಗಾಳಿ ಕಡಿಮೆಯೆನ್ನಲು ಎದೆಗೆ ಹಿಡಿದ ಮುಷ್ಟಿ, ಗಾಳಿಯಿಲ್ಲವೆನ್ನಲು ಕೊರಳಿನ ಮುಂದೆ ಅಡ್ಡಲಾಗಿ ಆಡಿಸುವ ಕೈ. ಇವು ಎಲ್ಲ ಪದ್ಧತಿಗಳಲ್ಲಿಯೂ ಹೆಚ್ಚುಕಡಿಮೆ ಒಂದೇ. ಅರ್ಧ ಸಿಲಿಂಡರಿನ ಸನ್ನೆ, ಅಂಕಿಗಳ ಸನ್ನೆ, ಮೀನುಗಳ ಹೆಸರಿನ ಸನ್ನೆ ಊರಿಗೊಂದು ಇರುತ್ತವೆ. ಅವುಗಳಲ್ಲಿ ಯಾರದನ್ನು ಬಳಸಬೇಕೆಂದು ಹಟ ಮಾಡುವುದಕ್ಕಿಂತ, ಆ ದೋಣಿಯ ಗೈಡ್ ಬಳಸುವುದನ್ನೇ ಎಲ್ಲರೂ ಆ ದಿನದ ಮಟ್ಟಿಗೆ ಒಪ್ಪಿಕೊಳ್ಳುವುದು ಲೇಸು. ನೀರಿನ ಮೇಲೆ ಬಂದು ದೋಣಿಯಲ್ಲಿರುವ ಗೆಳೆಯರಿಗೆ ಕೈ ಬೀಸಬೇಡಿ. ಅದು ‘ಕಾಪಾಡಿ’ ಎಂಬ ಸನ್ನೆ. ನಾನು ಹಾಗೆ ಬೀಸಿದ್ದಕ್ಕೆ ದೋಣಿಯವನೊಬ್ಬ ತೊಟ್ಟ ಬಟ್ಟೆಯಲ್ಲಿಯೇ ನೀರಿಗೆ ಹಾರಿ ಬಂದಿದ್ದ. ಅವನಿಗೆ ಆ ಸಂಜೆ ಚಹಾ ಕುಡಿಸಿದರೂ ನನ್ನ ನಾಚಿಕೆ ಹೋಗಲಿಲ್ಲ.

ಹೊಸಬರು ಮತ್ತು ದೋಣಿ

ಪ್ರಮಾಣಪತ್ರವಿಲ್ಲದೆ ಒಂದು ದಿನದ ಅನುಭವಕ್ಕೆಂದು ಬರುವವರೇ ನಮ್ಮ ಕರಾವಳಿಯ ದೋಣಿಗಳಲ್ಲಿ ಹೆಚ್ಚು. ಅವರನ್ನು ಶಿಕ್ಷಕರು ಹಿಡಿದುಕೊಂಡೇ 12 ಮೀಟರಿನೊಳಗೆ ತಿರುಗಿಸಿ ತರುತ್ತಾರೆ. ಅವರ ಮುಂದೆ ಅಪಘಾತಗಳ ಕಥೆ ಹೇಳಬೇಡಿ, ನಿಮ್ಮ ಡೈವ್‌ಗಳ ಎಣಿಕೆ ಹೇಳಬೇಡಿ, ನೀರಿನಡಿಯಲ್ಲಿ ಶಿಕ್ಷಕರ ಮತ್ತು ಅವರ ನಡುವೆ ನುಸುಳಬೇಡಿ. ಊರ ಬಾವಿಯಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಸಿಕೊಂಡು ಈಸು ಕಲಿತವರಿಗೆ, ದಂಡೆಯ ಮೇಲೆ ಕುಳಿತು ನಕ್ಕವರ ಮುಖ ಇಂದಿಗೂ ನೆನಪಿರುತ್ತದೆ.

ದೋಣಿಯ ಮೇಲಿನ ರೀತಿಗಳು ಹೆಚ್ಚಿಲ್ಲ. ತುಂಬಿದ ಸಿಲಿಂಡರನ್ನು ನಿಲ್ಲಿಸಿ ಬಿಟ್ಟು ಹೋಗಬಾರದು, ಮಲಗಿಸಬೇಕು. ಕ್ಯಾಮೆರಾ ತೊಳೆಯುವ ಸಿಹಿನೀರಿನ ಬಕೆಟ್ಟಿನಲ್ಲಿ, ಗಾಜು ಮಸುಕಾಗದಿರಲೆಂದು ಉಗುಳು ಹಚ್ಚಿದ ಮಾಸ್ಕ್ ಅದ್ದಬಾರದು. ವಾಂತಿ ಬಂದರೆ ಗಾಳಿ ಹೋಗುವ ದಿಕ್ಕಿನ ಅಂಚಿಗೆ ಹೋಗಬೇಕು, ವಾಂತಿ ಮಾಡಿಕೊಂಡವರನ್ನು ನೋಡಿ ನಗಬಾರದು, ಏಕೆಂದರೆ ಮುಂದಿನ ಸರದಿ ನಕ್ಕವರದೇ ಆಗಿರುತ್ತದೆ. ಬಾಡಿಗೆಯ ವೆಟ್‌ಸೂಟಿನಲ್ಲಿ ಏನು ಮಾಡಬಾರದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂದಿನ ರಾತ್ರಿ ಕುಡಿದವರು ಮರುದಿನ ದೋಣಿಯಲ್ಲಿಯೇ ಉಳಿಯಬೇಕು; ಜೊತೆಗಾರರು ಕುಡಿದಿದ್ದರೆಂದು ಗೊತ್ತಿದ್ದೂ ಸ್ನೇಹಕ್ಕೆ ಕಟ್ಟುಬಿದ್ದು ಸುಮ್ಮನಿರುವುದು ಸಹನೆಯಲ್ಲ.

ಮಾಲವಣದಲ್ಲಿ ಗೈಡುಗಳ ಮಾತು ಮರಾಠಿ, ಮಾಲವಣಿ, ಹಿಂದಿ. ಬೆಳಗಾವಿಯವರಿಗೆ ಮರಾಠಿ ತಡವರಿಸದೆ ಬರುತ್ತದೆ, ಬಾಗಲಕೋಟೆಯವರಿಗೆ ಬಾರದಿರಬಹುದು. ಡೈವಿಗೆ ಮುಂಚಿನ ಸೂಚನೆಗಳನ್ನು ಗುಂಪಿನಲ್ಲಿ ಬಲ್ಲವರು ಕನ್ನಡದಲ್ಲಿ ಇನ್ನೊಮ್ಮೆ ಹೇಳಬೇಕು, ಅರ್ಥವಾಗದವರು ತಲೆಯಾಡಿಸದೆ ಮತ್ತೆ ಕೇಳಬೇಕು. ಊಟದಲ್ಲಿಯೂ ಹಾಗೆಯೇ: ಒಂದು ಕಡೆ ಮೀನಿನ ತಾಟು, ಇನ್ನೊಂದು ಕಡೆ ಬುತ್ತಿಯ ಕಟಕರೊಟ್ಟಿ, ಶೇಂಗಾ ಹಿಂಡಿ. ಬೆಳಿಗ್ಗೆ ಮೀನು ನೋಡಿ ಮಧ್ಯಾಹ್ನ ಮೀನು ತಿನ್ನುತ್ತೀರಲ್ಲ ಎಂಬ ಮಾತು ನಮ್ಮಲ್ಲಿ ಒಮ್ಮೆ ಬಂದು, ಒಮ್ಮೆಗೇ ನಿಂತಿತು.

ತಪ್ಪು ತೋರಿಸುವುದು, ಡೈವ್ ನಿಲ್ಲಿಸುವುದು

ಒಂದು ಸಲ ಮೊದಲ ಡೈವ್ ಮುಗಿಸಿ ದೋಣಿ ಹತ್ತಿದೊಡನೆ ಫೋಟೋದ ಹುಡುಗ ಎಲ್ಲರ ಮುಂದೆಯೇ ಅಧ್ಯಾಪಕಿಗೆ, “ಅಕ್ಕಾರ, ನಿಮ್ಮ ಕಾಲಿಂದ ನನ್ನ ಫೋಟೋ ಎಲ್ಲಾ ಹಾಳಾದ್ವು ನೋಡ್ರಿ” ಎಂದ. ಮಾತು ಸುಳ್ಳಾಗಿರಲಿಲ್ಲ. ಅವರು ಏನೂ ಹೇಳದೆ ಫಿನ್ಸ್ ಕಳಚಿ, ಸಿಲಿಂಡರ್ ಬದಲಿಸಿಕೊಂಡು, ಎರಡನೆಯ ಡೈವಿನುದ್ದಕ್ಕೂ ಅವನಿಂದ ಹತ್ತು ಮೀಟರ್ ದೂರವೇ ಉಳಿದರು. ಜೋಡಿಯೆಂಬುದು ಹೆಸರಿಗೆ ಮಾತ್ರ ಉಳಿದಿತ್ತು. ಇಬ್ಬರಲ್ಲಿ ಯಾರ ಗಾಳಿ ಕೈಕೊಟ್ಟಿದ್ದರೂ ಆ ದೂರವನ್ನು ಒಂದೇ ಉಸಿರಿನಲ್ಲಿ ದಾಟಬೇಕಾಗುತ್ತಿತ್ತು. ನೊಂದವರು ಜೊತೆಗಾರರತ್ತ ನೋಡುವುದಿಲ್ಲ. ಆದ್ದರಿಂದ ಎರಡು ಡೈವ್‌ಗಳ ನಡುವಿನ ಬಿಡುವಿನಲ್ಲಿ ಪ್ರಾಣಕ್ಕೆ ಸಂಬಂಧಿಸದ ಯಾವ ದೂರನ್ನೂ ಎತ್ತಬೇಡಿ. ದಂಡೆಗೆ ಬಂದು, ಸಾಮಾನು ತೊಳೆದು, ಒಬ್ಬರೇ ಸಿಕ್ಕಾಗ ಹೇಳಿ. ನೋಡಿದ್ದನ್ನಷ್ಟೇ ಹೇಳಿ, ಅವರೆಂಥ ಡೈವರ್ ಎಂಬ ತೀರ್ಪು ಬೇಡ. ಆ ಹುಡುಗನೇ ಮುಂದೆ ಬೆಳಗಾವಿಯ ಈಜುಕೊಳದಲ್ಲಿ ಅವರ ಕಾಲಿನ ವೀಡಿಯೋ ಮಾಡಿ ತೋರಿಸಿದ, ಕಪ್ಪೆಯ ಒದೆತ ಅವರಿಗೆ ಎರಡು ವಾರಗಳಲ್ಲಿ ಬಂದಿತು.

ಪ್ರಾಣಕ್ಕೆ ಸಂಬಂಧಿಸಿದ್ದಾದರೆ ತಡಮಾಡಬಾರದು. ಹಿರಿಯರಾಗಲಿ, ನೂರಾರು ಡೈವ್ ಮಾಡಿದವರಾಗಲಿ, ವಾಲ್ವ್ ತೆರೆದಿಲ್ಲ, ಸೀಸದ ಪಟ್ಟಿ ಸಿಕ್ಕಿಕೊಂಡಿದೆ, ಮೇಲೇರುವ ವೇಗ ನಿಮಿಷಕ್ಕೆ 9 ಮೀಟರ್ ಮೀರುತ್ತಿದೆ ಎಂದು ಕಂಡರೆ ಆಗಲೇ ತಡೆಯಬೇಕು. ಕಂಪ್ಯೂಟರ್ ಕೇಳದಿದ್ದರೂ ಮೇಲೇರುವ ದಾರಿಯಲ್ಲಿ 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವುದನ್ನು ಒಬ್ಬರು ಬಯಸಿದರೆ ಇಬ್ಬರೂ ನಿಲ್ಲಬೇಕು.

ನೀರಗವಿಯವರ ಪದ್ಧತಿಯಿಂದ ನಾವು ಎರವಲು ಪಡೆದ ಒಂದು ನಿಯಮಕ್ಕಾಗಿ ನಾನು ಎಂಜಿನಿಯರ್ ಅವರ ಉಳಿದ ಉಪನ್ಯಾಸಗಳನ್ನೆಲ್ಲ ಕ್ಷಮಿಸಿದ್ದೇನೆ: ಯಾರು ಬೇಕಾದರೂ, ಯಾವಾಗ ಬೇಕಾದರೂ, ಕಾರಣ ಹೇಳದೆ ಡೈವನ್ನು ನಿಲ್ಲಿಸಬಹುದು. ಹೆಬ್ಬೆರಳು ಮೇಲಾಯಿತೆಂದರೆ ಎಲ್ಲರೂ ಮೇಲೆ. ದೋಣಿಯಲ್ಲಿ ಏಕೆಂದು ಕೇಳುವಂತಿಲ್ಲ, ದುಡ್ಡು ಹೋಯಿತೆಂದು ಹೇಳುವಂತಿಲ್ಲ, ಮುಖ ಸಿಂಡರಿಸುವಂತಿಲ್ಲ. ಕೊನೆಯದು ಕಷ್ಟ, ಅಭ್ಯಾಸವಾಗುತ್ತದೆ.

ಘಟ್ಟ ಹತ್ತುವ ಮುನ್ನ

ಬಯಲುಸೀಮೆಯ ಡೈವರ್‌ಗಳಿಗೆ ಮಾತ್ರ ಬರುವ ಜಗಳವೊಂದಿದೆ. ಭಾನುವಾರ ಮಧ್ಯಾಹ್ನ ಡೈವ್ ಮುಗಿಸಿ, ಸೋಮವಾರದ ಕೆಲಸಕ್ಕೆ ಮುಟ್ಟಬೇಕೆಂದು ಸಂಜೆಗೇ ಘಟ್ಟ ಹತ್ತುವವರು ಒಂದು ಕಡೆ, ರಾತ್ರಿ ಉಳಿಯೋಣ ಎನ್ನುವವರು ಇನ್ನೊಂದು ಕಡೆ. ಇದು ಸೋಮಾರಿಗಳ ಮತ್ತು ಚುರುಕಿನವರ ಜಗಳವೆಂದು ನಾವು ಬಹಳ ದಿನ ತಿಳಿದಿದ್ದೆವು.

ಆಳದಲ್ಲಿ ಉಸಿರಾಡಿದ ಸಾರಜನಕ ಒತ್ತಡದಿಂದಾಗಿ ಮೈಯಲ್ಲಿ ಕರಗಿ ಉಳಿದಿರುತ್ತದೆ, ತಾಸುಗಳು ಕಳೆದಂತೆ ಉಸಿರಿನೊಂದಿಗೆ ಹೊರಗೆ ಹೋಗುತ್ತದೆ. ಅಷ್ಟರೊಳಗೆ ಹೊರಗಿನ ಒತ್ತಡ ಇನ್ನೂ ಇಳಿದರೆ ಅದು ಗುಳ್ಳೆಗಟ್ಟಿ ಕೀಲುನೋವು, ಜೋಮು, ಅದಕ್ಕಿಂತ ಕೆಟ್ಟದ್ದನ್ನೂ ತರಬಲ್ಲದು. ವಿಮಾನ ಹತ್ತುವ ಮುನ್ನ ಒಂದೇ ಡೈವ್ ಆಗಿದ್ದರೆ 12 ತಾಸು, ಒಂದಕ್ಕಿಂತ ಹೆಚ್ಚು ಡೈವ್ ಅಥವಾ ಹಲವು ದಿನ ಮುಳುಗಿದ್ದರೆ 18 ತಾಸು ಕಾಯಬೇಕೆಂಬ ನಿಯಮ ಎಲ್ಲರಿಗೂ ಗೊತ್ತು. ಆದರೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಆ ಮಾರ್ಗಸೂಚಿ ಅನ್ವಯವಾಗುವುದು 2,000 ಅಡಿಯಿಂದ, ಎಂದರೆ ಸುಮಾರು 600 ಮೀಟರಿನಿಂದ. ಅಂಬೋಲಿ ಸುಮಾರು 690 ಮೀಟರ್ ಎತ್ತರದಲ್ಲಿದೆ, ಬೆಳಗಾವಿ ಸುಮಾರು 750 ಮೀಟರ್. ಇಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟಕ್ಕಿಂತ ಶೇ. 8ರಿಂದ 9ರಷ್ಟು ಕಡಿಮೆ. ನಮ್ಮ ಮಟ್ಟಿಗೆ ಮನೆಗೆ ಮರಳುವುದೆಂದರೆ ವಿಮಾನ ಹತ್ತಿದಂತೆಯೇ ಲೆಕ್ಕ. ಬಾಗಲಕೋಟೆ ಬೆಳಗಾವಿಗಿಂತ ತಗ್ಗಿನಲ್ಲಿದ್ದರೂ ಅಲ್ಲಿಗೆ ಹೋಗುವ ದಾರಿ ಸಹ್ಯಾದ್ರಿಯನ್ನು ಹತ್ತಿಯೇ ಹೋಗಬೇಕು.

ಆದ್ದರಿಂದ ಇಲ್ಲಿ ಬಹುಮತಕ್ಕೆ ಬೆಲೆಯಿಲ್ಲ. ನಾಲ್ವರು ಹೊರಡೋಣವೆಂದು, ಒಬ್ಬರು ಉಳಿಯೋಣವೆಂದರೆ ಗಾಡಿ ಉಳಿಯಬೇಕು. ಆದರೆ ಅವಸರವಿರುವವರ ಕಷ್ಟವೂ ಸುಳ್ಳಲ್ಲ, ಫೌಂಡ್ರಿಯ ಕುಲುಮೆ ಡೈವಿಂಗ್‌ಗಾಗಿ ಕಾಯುವುದಿಲ್ಲ. ಹೀಗಾಗಿ ನಾವು ಡೈವ್‌ಗಳನ್ನೇ ಹಿಂದಕ್ಕೆ ಸರಿಸಿದೆವು. ಶುಕ್ರವಾರ ಸಂಜೆ ಹೊರಟು ರಾತ್ರಿ ಮುಟ್ಟುತ್ತೇವೆ, ಶನಿವಾರ ಎರಡು ಡೈವ್ ಮಾಡಿ ಮಧ್ಯಾಹ್ನ ಒಂದು ಗಂಟೆಗೆ ಮುಗಿಸುತ್ತೇವೆ. ಹದಿನೆಂಟು ತಾಸು ತುಂಬುವುದು ಭಾನುವಾರ ಬೆಳಿಗ್ಗೆ ಏಳಕ್ಕೆ. ಅಲ್ಲಿಯವರೆಗೆ ಫೋಟೋದ ಹುಡುಗ ಫೋಟೋ ವಿಂಗಡಿಸುತ್ತಾನೆ, ಅಧ್ಯಾಪಕಿ ಸಿಂಧುದುರ್ಗ ಕೋಟೆಗೆ ಹೋಗಿ ಬರುತ್ತಾರೆ, ಎಂಜಿನಿಯರ್ ತಮ್ಮ ಏಳು ಅಡಿಯ ಕೊಳವೆಯನ್ನು ಸಿಹಿನೀರಿನಲ್ಲಿ ತೊಳೆದು ಒಣಹಾಕುತ್ತಾರೆ. ಭಾನುವಾರ ಎಂಟು ಗಂಟೆಗೆ ಉಪ್ಪಿಟ್ಟು ತಿಂದು ಗಾಡಿ ಹತ್ತಿದರೆ ಊಟದ ಹೊತ್ತಿಗೆ ಫೌಂಡ್ರಿಯ ಹಿರಿಯರು ಉದ್ಯಮಬಾಗದಲ್ಲಿರುತ್ತಾರೆ.